ಕೂತಲ್ಲೇ ಹನ್ನೊಂದು ಸಾವಿರ ಹೆಜ್ಜೆ

ನಮ್ಮ ಕಚೇರಿಗೆ ಹೊಸ ನಿರ್ದೇಶಕರು ಬಂದ ದಿನ ಅವರಿಗೆ ಗೌರವ ತೋರಿಸಲು ನಾನು ಎದ್ದು ನಿಂತೆ. ನನ್ನ ಜೊತೆ ನನ್ನ ಕುರ್ಚಿಯೂ ಎದ್ದು ನಿಂತಿತು. ಅದು ಎರಡೂ ಕಡೆ ಕೈಗಳಿರುವ ಹಳೆಯ ಮರದ ಕುರ್ಚಿ. ಇಪ್ಪತ್ತು ವರ್ಷದ ಹಿಂದೆ ನಾನು ಮೊದಲ ಸಲ ಅದರಲ್ಲಿ ಕೂತಾಗ ಪಕ್ಕದಲ್ಲಿ ಊಟದ ಡಬ್ಬಿ ಇಟ್ಟುಕೊಳ್ಳುವಷ್ಟು ಜಾಗವಿತ್ತು. ಆಮೇಲೆ ಕುರ್ಚಿ ಇದ್ದ ಹಾಗೇ ಇತ್ತು, ನಾನು ಇರಲಿಲ್ಲ. ನಿರ್ದೇಶಕರು ಕೈ ಚಾಚಿದರು. ಬೆನ್ನ ಹಿಂದೆ ನಾಲ್ಕು ಕಾಲುಗಳನ್ನು ಹೊತ್ತುಕೊಂಡೇ ನಾನೂ ಚಾಚಿದೆ. ಇಡೀ ವಿಭಾಗ ಕಡತಗಳಲ್ಲಿ ಮುಖ ಮುಚ್ಚಿಕೊಂಡಿತು.

ಪಕ್ಕದ ಮೇಜಿನ ಸೀಲಣ್ಣ, ತಾನು ಕೂತಲ್ಲಿಂದ ಏಳದೆಯೇ, ಕೈ ಚಾಚಿ ಕುರ್ಚಿಯನ್ನು ಹಿಡಿದು ಒಂದೇ ಸಲಕ್ಕೆ ಜಗ್ಗಿ ಬಿಡಿಸಿದ. ಗಡಿಬಿಡಿಯಲ್ಲಿ ಕೈಯಲ್ಲಿದ್ದ ಸೀಲನ್ನು ಕೆಳಗಿಡುವುದು ಮರೆತಿದ್ದ. ಹಾಗಾಗಿ ಅಂದು ಸಂಜೆಯವರೆಗೆ ನನ್ನ ಪ್ಯಾಂಟಿನ ಹಿಂಭಾಗದಲ್ಲಿ ‘ನಿಜಪ್ರತಿ’ ಎಂಬ ನೀಲಿ ಮುದ್ರೆ ಇತ್ತು. ಅದನ್ನು ನನ್ನ ಹೆಂಡತಿ ಕಂಡುಹಿಡಿಯುವ ತನಕ ನಾನು ಎರಡು ಅಂಗಡಿಗೂ ಒಂದು ಮದುವೆಮಾತಿಗೂ ಹೋಗಿ ಬಂದಿದ್ದೆ.

ಈಗ ಹೇಳಹೊರಟಿರುವುದು ಸೀಲಣ್ಣನ ವಿಷಯ. ನನ್ನ ಕುರ್ಚಿಯಿಂದ ಶುರು ಮಾಡಿದ್ದು ಯಾಕೆಂದರೆ, ಮುಂದೆ ಅವನಿಗೆ ಆದದ್ದಕ್ಕೆಲ್ಲ ನಾನೇ ಪೀಠಿಕೆ. ಕುರ್ಚಿಸಮೇತನಾದ ನನ್ನನ್ನು ನೋಡಿ ನಿರ್ದೇಶಕರು ನಗಲಿಲ್ಲ. ಗಾಬರಿಯಾದರು. ಮರುವಾರವೇ ಸುತ್ತೋಲೆ ಬಂತು: ಎಲ್ಲ ನೌಕರರಿಗೂ ಆರೋಗ್ಯ ತಪಾಸಣೆ.

ನಮ್ಮದು ದಾಖಲೆಗಳ ಕಚೇರಿ. ಮೂರನೆಯ ಮಹಡಿಯಲ್ಲಿ ನಕಲು ವಿಭಾಗ. ಜನ ಕೇಳಿದ ಹಳೆಯ ಕಾಗದಕ್ಕೆ ನಕಲು ತೆಗೆದು, ಪ್ರತಿ ಪುಟದ ಮೇಲೂ ಮೂರು ಸೀಲು ಹೊಡೆಯಬೇಕು. ಕಚೇರಿಯ ದುಂಡು ಸೀಲು, ತಾರೀಖಿನ ಸೀಲು, ಆಮೇಲೆ ನನ್ನ ಪ್ಯಾಂಟಿನ ಮೇಲೆ ಬಿದ್ದದ್ದು. ಅದು ಸೀಲಣ್ಣನ ಕೆಲಸ. ಅಲ್ಲಿಂದ ಪುಟ ನನ್ನ ಮೇಜಿಗೆ ಜಾರುತ್ತದೆ. ‘ಮೂಲದೊಂದಿಗೆ ತಾಳೆ ನೋಡಲಾಗಿದೆ’ ಎಂದು ಬರೆದು ನಾನು ಸಹಿ ಹಾಕುತ್ತೇನೆ. ನಿಜವಾಗಿ ನೋಡುತ್ತೀಯಾ ಎಂದು ಇದುವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಕೊಂಡಿಲ್ಲ.

ಸೀಲಣ್ಣನ ಕೈ ಓಡುವುದನ್ನು ನೋಡಬೇಕು. ಶಾಯಿಯ ಪ್ಯಾಡಿನ ಮೇಲೆ ಒಂದೇಟು, ಕಾಗದದ ಮೇಲೆ ಒಂದೇಟು. ಮೂರು ಸೀಲಿಗೆ ಆರು ಏಟು. ಆರನೆಯದು ಬೀಳುವಷ್ಟರಲ್ಲಿ ಎಡಗೈ ಮುಂದಿನ ಪುಟವನ್ನು ಎಳೆದಿಟ್ಟಿರುತ್ತದೆ. ದಿನಕ್ಕೆ ಸಾವಿರದ ಎಂಟುನೂರು ಪುಟ, ಮೂವತ್ತೊಂದು ವರ್ಷ. ಹೊಸಬರು ಬಂದರೆ ಮೊದಲ ವಾರ ಆ ಸದ್ದಿಗೆ ತಲೆನೋವು ಎನ್ನುತ್ತಾರೆ. ಎರಡನೆಯ ತಿಂಗಳಿಗೆ, ಅವನು ರಜೆ ಹಾಕಿದ ದಿನ ಅವರಿಗೆ ತೂಕಡಿಕೆ ಬರುವುದಿಲ್ಲ.

ಕೈಗೆ ಇಷ್ಟು ಕೆಲಸ ಕೊಟ್ಟವನು ಕಾಲಿಗೆ ಏನೂ ಕೊಟ್ಟಿರಲಿಲ್ಲ. ನೀರಿನ ಬಾಟಲಿ ಬಲಕ್ಕೆ, ಊಟದ ಡಬ್ಬಿ ಕೆಳಗಿನ ಡ್ರಾಯರಿನಲ್ಲಿ, ಕಸದ ಬುಟ್ಟಿ ಮೇಜಿನ ಹಿಡಿಗೆ ನೇತುಹಾಕಿದ್ದು. ಕಿಟಕಿ ತೆಗೆಯಲು, ಮುಚ್ಚಲು, ಫ್ಯಾನಿನ ಸ್ವಿಚ್ಚು ಒತ್ತಲು ಒಂದು ಉದ್ದನೆಯ ಕೋಲು. ಟೀ ಮೇಜಿಗೇ ಬರುತ್ತಿತ್ತು. ಅವನ ಮನೆಯೆದುರಿಗೇ ಬಸ್ಸು ಹೊರಡುವ ಜಾಗ, ಹಾಗಾಗಿ ಸೀಟು ಖಾಯಂ. ಕಚೇರಿಯೆದುರು ಇಳಿದರೆ ಲಿಫ್ಟು. ಸಂಜೆ ಮನೆಯಲ್ಲಿ ಟಿವಿಯೆದುರು ಬೆತ್ತದ ಕುರ್ಚಿ. ಅವನ ಚಪ್ಪಲಿಗೆ ಎಂಟು ವರ್ಷವಾಗಿತ್ತು. ಅಟ್ಟೆ ಸವೆದಿರಲಿಲ್ಲ, ವಯಸ್ಸಾಗಿ ಅಂಟು ಬಿಟ್ಟುಕೊಂಡಿತ್ತು.

ಆದರೂ ಆಳು ಸಣಕಲ. ಕೈಕಾಲು ಕಡ್ಡಿ, ಅಂಗಿಯೊಳಗೆ ಬಚ್ಚಿಟ್ಟ ಹಾಗೆ ಒಂದು ಚಿಕ್ಕ ಹೊಟ್ಟೆ. ಅವನ ಪಕ್ಕ ನಾನು ಕೂತರೆ, ಕಾಯಿಲೆ ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ತಪಾಸಣೆಗೆ ಬಂದ ಡಾಕ್ಟರಮ್ಮನಿಗೂ ಹಾಗೇ ಅನಿಸಿರಬೇಕು. ನನ್ನ ಸೊಂಟ ಅಳೆಯುವಾಗ ಟೇಪು ಮುಗಿದುಹೋಗಿ, ಉಳಿದದ್ದನ್ನು ಗೇಣಿನಲ್ಲಿ ಅಳೆದು ಬರೆದುಕೊಂಡರು. ನನಗೆ ಹೇಳಿದ್ದೆಲ್ಲ ನನಗೆ ಮೊದಲೇ ಗೊತ್ತಿದ್ದದ್ದು. ಆದರೆ ಸೀಲಣ್ಣನ ರಕ್ತದ ವರದಿಯನ್ನು ಅವರು ಎರಡು ಸಲ ಓದಿದರು, ಹೆಸರು ಸರಿಯಾಗಿದೆಯೇ ಎಂದು ಮೂರನೆಯ ಸಲ ನೋಡಿದರು. ಸಕ್ಕರೆ ನನಗಿಂತ ಹೆಚ್ಚು. ರಕ್ತದಲ್ಲಿನ ಕೊಬ್ಬು ನನಗಿಂತ ಹೆಚ್ಚು. ರಕ್ತದೊತ್ತಡವೂ ಅಷ್ಟೆ. ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತೀರಿ ಎಂದು ಕೇಳಿದರು. ಅವನು ಬಸ್ಸಿನಿಂದ ಹಿಡಿದು ಬೆತ್ತದ ಕುರ್ಚಿಯವರೆಗೆ ಬೆರಳು ಮಡಿಸಿ, ಹನ್ನೆರಡೂವರೆ ಗಂಟೆ ಎಂದ.

“ಮಲಗೋದೂ ಸೇರಿಸಿ ಹೇಳ್ತಾ ಇದೀರಾ?”

“ಇಲ್ಲ, ಅದು ಬೇರೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಿಧಾನವಾಗಿ ವಿವರಿಸಿದರು. ತೊಡೆಯ, ಮೀನಖಂಡದ ಸ್ನಾಯುಗಳು ದೇಹದಲ್ಲಿ ದೊಡ್ಡವು. ಅವು ಇಡೀ ದಿನ ಸುಮ್ಮನೆ ಬಿದ್ದಿದ್ದರೆ ಉಂಡ ಸಕ್ಕರೆ, ಕೊಬ್ಬು ಕೇಳುವವರಿಲ್ಲದೆ ರಕ್ತದಲ್ಲೇ ಸುತ್ತುತ್ತಿರುತ್ತವೆ. ದಪ್ಪಗಿದ್ದವರನ್ನು ನೆಂಟರಿಷ್ಟರಾದರೂ ಹೆದರಿಸಿ ಡಾಕ್ಟರ ಹತ್ತಿರ ಕಳಿಸುತ್ತಾರೆ, ಸಣ್ಣಗಿದ್ದವರನ್ನು ಯಾರೂ ಕಳಿಸುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ದಿನಕ್ಕೆ ಎಂಟು ಸಾವಿರ ಹೆಜ್ಜೆಯಾದರೂ ನಡೆಯಬೇಕು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ ಎಂದಾಗ ಅವನು ಸ್ವಲ್ಪ ಎಂದ. ಅವರು ಚೀಟಿಯ ಕೆಳಗೆ ‘ಟ್ರೆಡ್‌ಮಿಲ್ ಪರೀಕ್ಷೆ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದರು. ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ಎಷ್ಟು ತಡೆಯುತ್ತದೆ ನೋಡುವುದು. ಮೂರು ತಿಂಗಳು ನಡೆದು ಬನ್ನಿ, ಆಮೇಲೆ ತೀರ್ಮಾನಿಸೋಣ ಎಂದರು.

ಚೀಟಿ ಮನೆಗೆ ಹೋಯಿತು. ನಾನು ಅತ್ತಿಗೆ ಎಂದು ಕರೆಯುವ ಸೀಲಣ್ಣನ ಹೆಂಡತಿ ಅದನ್ನು ಮೂರು ಸಲ ಓದಿದರಂತೆ. ಅವರ ಅಣ್ಣ ಹಿಂದಿನ ವರ್ಷವಷ್ಟೇ ತೀರಿಹೋಗಿದ್ದ. ನಲವತ್ತೊಂಬತ್ತು ವಯಸ್ಸು, ಲಾರಿ ಕಂಪನಿಯೊಂದರಲ್ಲಿ ಫೋನು ಹಿಡಿದು ಕೂರುವ ಕೆಲಸ. ಮನೆಯಲ್ಲಿ ನೀರು ಕುಡಿಯಲು ಏಳುತ್ತೇನೆ ಅಂದವನು ಕುರ್ಚಿಯಿಂದ ಏಳಲೇ ಇಲ್ಲ. ಎದುರಿಗೆ ಕೂತಿದ್ದವರು ಅತ್ತಿಗೆಯೇ. ಅಂದಿನಿಂದ ಸೀಲಣ್ಣ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಏನೋ ನೆಪ ತೆಗೆದು ಮಾತಾಡಿಸಿಬಿಡುತ್ತಿದ್ದರು.

ನಿರ್ದೇಶಕರು ಅಷ್ಟಕ್ಕೇ ಬಿಡಲಿಲ್ಲ. ಎಲ್ಲರಿಗೂ ಹೆಜ್ಜೆ ಎಣಿಸುವ ಕೈಗಡಿಯಾರ ಹಂಚಿದರು. ಪ್ರತಿ ಸೋಮವಾರ ಲಿಫ್ಟಿನ ಪಕ್ಕದ ಹಲಗೆಯಲ್ಲಿ ಯಾರದು ಎಷ್ಟು ಎಂದು ಬರೆಸಿದರು. ಮೊದಲ ದಿನ ನನ್ನದು ಸಾವಿರದ ಏಳುನೂರ ನಲವತ್ತು. ಅದರಲ್ಲೂ ನೂರಿಪ್ಪತ್ತು ಹೆಜ್ಜೆ ಊಟದ ಡಬ್ಬಿ ಎಲ್ಲಿಟ್ಟೆನೆಂದು ಹುಡುಕಿದ್ದು. ಸೀಲಣ್ಣನದು ಹನ್ನೊಂದು ಸಾವಿರದ ಮುನ್ನೂರು.

ಎರಡು ದಿನ ನಾನು ಹೊಟ್ಟೆಕಿಚ್ಚುಪಟ್ಟೆ. ಮೂರನೆಯ ದಿನ ಅವನ ಮಣಿಕಟ್ಟನ್ನೇ ನೋಡುತ್ತ ಕೂತೆ. ಆರು ಸಾವಿರದ ಇನ್ನೂರ ನಾಲ್ಕು ಎಂದಿತ್ತು. ಡಬ್ ಎಂದು ಸೀಲು ಬಿತ್ತು. ಐದು ಆಯಿತು.

“ಸೀಲಣ್ಣ, ಇನ್ನೊಂದು ಹೊಡಿ ನೋಡೋಣ.”

ಹೊಡೆದ. ಆರು ಆಯಿತು.

ಅಲ್ಲಿಯವರೆಗೆ ಅವನಿಗೂ ಗೊತ್ತಿರಲಿಲ್ಲ. ಬಸ್ಸಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮೇಜಿಗೆ ಅಷ್ಟು ದೂರವಿದೆಯೆಂದು ಪಾಪ ನಂಬಿಬಿಟ್ಟಿದ್ದ. ಈಗ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಭುಜ ಕುಲುಕುವ ಹಾಗೆ ನಕ್ಕ. ಆಮೇಲೆ ಕೈಯೇನು ಬೇರೆಯವರದಾ, ಅದೂ ನನ್ನ ಮೈಯೇ ತಾನೆ ಎಂದ. ಆಗ ನಾನು ಮಾಡಬೇಕಾಗಿದ್ದದ್ದು ಏನೆಂದು ಓದುವವರಿಗೆ ಹೊಳೆದಿರುತ್ತದೆ. ನಾನು ಮಾಡಿದ್ದೇ ಬೇರೆ. ನನ್ನ ಗಡಿಯಾರ ಬಿಚ್ಚಿ ಅವನ ಅದೇ ಕೈಗೆ ಕಟ್ಟಿದೆ.

ಮುಂದಿನ ಸೋಮವಾರ ಹಲಗೆಯಲ್ಲಿ ಅವನು ಮೊದಲನೆಯವನು, ನಾನು ಎರಡನೆಯವನು. ಮೂರನೆಯವನು ಮಹಡಿಯಿಂದ ಮಹಡಿಗೆ ಕಡತ ಹೊರುವ ಜವಾನ. ಅವನು ಹಲಗೆಯೆದುರು ತುಂಬ ಹೊತ್ತು ನಿಂತಿದ್ದು, ಮುಂದಿನ ಕಡತದ ಕಟ್ಟು ಹೊತ್ತುಕೊಂಡು ಹೋದ.

ಇದು ನಮ್ಮಿಬ್ಬರ ತಮಾಷೆಯಾಗಿಯೇ ಉಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಸೀಲಣ್ಣ ತನ್ನ ಗಡಿಯಾರ ಕಟ್ಟಿಕೊಂಡೇ ಮನೆಗೆ ಹೋಗುತ್ತಿದ್ದ. ಬಾಗಿಲಲ್ಲೇ ಅತ್ತಿಗೆ ಅವನ ಮಣಿಕಟ್ಟು ತಿರುಗಿಸಿ ನೋಡುತ್ತಿದ್ದರು. ಹನ್ನೊಂದು ಸಾವಿರ ಕಂಡಾಗ ಅವರ ಮುಖ ಸಡಿಲವಾಗುತ್ತಿತ್ತಂತೆ. ಇಷ್ಟು ನಡೆದು ಬಂದ ಮನುಷ್ಯ ಸುಸ್ತಾಗಿರುತ್ತಾನೆಂದು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಒಂದು ಬೋಗುಣಿ ತುಂಬ ಬಿಸಿನೀರಿಗೆ ಉಪ್ಪು ಹಾಕಿ ಅವನ ಕಾಲು ಅದ್ದಿಸುತ್ತಿದ್ದರು. ಅಂಗಡಿಗೆ ತಾವೇ ಹೋಗುತ್ತಿದ್ದರು, ಗ್ಯಾಸಿನ ಸಿಲಿಂಡರನ್ನೂ ತಾವೇ ಎಳೆದು ತರುತ್ತಿದ್ದರು. ಅಂದರೆ ಮೊದಲು ಅವನು ಅಪ್ಪಿತಪ್ಪಿ ಹಾಕುತ್ತಿದ್ದ ನಾಲ್ಕು ಹೆಜ್ಜೆಯೂ ಹೋಯಿತು. ಎರಡನೆಯ ವಾರ ಅವನು ನನ್ನ ಹತ್ತಿರ, ನಿನ್ನೆ ಹೇಳಿಬಿಡಬೇಕು ಅಂತಿದ್ದೆ, ಅಷ್ಟರಲ್ಲಿ ನೀರು ಕಾದಿತ್ತು ಎಂದ. ನಾನು ನಕ್ಕೆ. ಒಳ್ಳೆಯ ಮಾತು ಎಂದು ಮನೆಯಲ್ಲಿ ಹೇಳಿ ಇನ್ನೊಮ್ಮೆ ನಕ್ಕೆ.

ಮೂರು ತಿಂಗಳಾದ ಮೇಲೆ ಮನೆಯವರನ್ನೂ ಕರೆದು ಕಚೇರಿಯಲ್ಲಿ ಒಂದು ಸಮಾರಂಭ ಮಾಡಿದರು. ಸೀಲಣ್ಣನಿಗೆ ನಡೆಯುವ ಬೂಟು ಬಹುಮಾನ. ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಒಬ್ಬೊಬ್ಬರದೇ ಹೊಸ ವರದಿ ನೋಡಿದರು. ಸೀಲಣ್ಣನ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಅವರಿಗೆ ಅರ್ಥವಾಗಲಿಲ್ಲ. ಇಷ್ಟು ನಡೆದರೂ ಹೀಗೆಂದರೆ ಮಾತ್ರೆ ಹೆಚ್ಚಿಸಬೇಕು ಎಂದು ಬರೆದರು. ಆಮೇಲೆ ಹಳೆಯ ಚೀಟಿ ತೆಗೆದರು.

“ಒಂದು ಸಮಾಧಾನ ಏನಂದ್ರೆ, ದಿನಾ ಏಳೆಂಟು ಕಿಲೋಮೀಟರ್ ನಡೆದೂ ಎದೆನೋವಿಲ್ಲ ಅಂದ್ರೆ ಹೃದಯ ಗಟ್ಟಿ ಇದೆ. ಈ ಪರೀಕ್ಷೆ ಈಗ ಬೇಡ ಬಿಡಿ,” ಎಂದು ‘ಟ್ರೆಡ್‌ಮಿಲ್’ ಮೇಲೆ ಅಡ್ಡಗೆರೆ ಎಳೆದರು.

ಅತ್ತಿಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಉಸಿರು ಬಿಟ್ಟರು. ಸರದಿಯಲ್ಲಿ ಮುಂದಿನವನು ನಾನು, ಬಾಗಿಲ ಹತ್ತಿರ ನಿಂತಿದ್ದೆ. ಸೀಲಣ್ಣ ತಿರುಗಿ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿದ್ದ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ನೋಡಿದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನವೋ ಅದರ ಮರುದಿನವೋ ಲಿಫ್ಟು ಕೆಟ್ಟಿತು. ಮೂರು ಮಹಡಿ ಹತ್ತಬೇಕು. ನಾನು ಮೆಟ್ಟಿಲಿಗೊಮ್ಮೆ ನಿಂತು ದಣಿವಾರಿಸಿಕೊಳ್ಳುತ್ತ, ಪಕ್ಕದಲ್ಲಿ ಹೋಗುವವರಿಗೆಲ್ಲ ನೀವು ಮುಂದೆ ನಡೀರಿ ಎಂದು ದೊಡ್ಡಮನಸ್ಸು ತೋರಿಸುತ್ತ ಹತ್ತುತ್ತಿದ್ದೆ. ಎರಡನೆಯ ಮಹಡಿಯ ತಿರುವಿನಲ್ಲಿ ಸೀಲಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಹೊಸ ಬೂಟು ಹಾಕಿಕೊಂಡಿದ್ದ. ಹಣೆಯಲ್ಲಿ, ಕುತ್ತಿಗೆಯಲ್ಲಿ ಬೆವರು. ಬಲಗೈ ಕೆಳದವಡೆಯನ್ನು ಹಿಡಿದುಕೊಂಡಿತ್ತು.

ಹಲ್ಲುನೋವಾ ಎಂದು ಕೇಳಿದೆ. ಅಲ್ಲ ಎಂದ. ಬಸ್ಸಿನ ಮೆಟ್ಟಿಲು ಹತ್ತಿದರೂ ಯಾರೋ ದವಡೆಯನ್ನು ಇಕ್ಕಳದಲ್ಲಿ ಹಿಡಿದ ಹಾಗಾಗುತ್ತದೆ, ಕೂತರೆ ಬಿಡುತ್ತದೆ, ಒಂದು ತಿಂಗಳಿಂದ ಹೀಗೇ ಎಂದ. ಎದೆಯಲ್ಲಿ ಅಲ್ಲವಲ್ಲ, ಹಾಗಾಗಿ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದನಂತೆ. ಅಂದುಕೊಂಡಿರಲಿಲ್ಲ. ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನಾನು ಅವನ ಪಕ್ಕ ಕೂತೆ. ಇಬ್ಬರು ಕೂತರೆ ಆ ಮೆಟ್ಟಿಲಲ್ಲಿ ಯಾರೂ ದಾಟಲಾಗದು, ಅದರಲ್ಲಿ ಒಂದೂಮುಕ್ಕಾಲು ಪಾಲು ನಾನೇ. ಕೆಳಗೆ ಜನ ನಿಂತುಕೊಂಡರು.

“ಇವತ್ತೇ ಹೇಳ್ಬಿಡೋಣ, ಸೀಲಣ್ಣ.”

“ಡಾಕ್ಟರಿಗಾದ್ರೆ ಈಗಲೇ ಹೇಳ್ತೀನಿ. ಅವಳಿಗೆ ಏನಂತ ಹೇಳ್ಲಿ? ಮೂರು ತಿಂಗಳು ದಿನಾ ನೀರು ಕಾಯಿಸಿದಾಳೆ ಕಣೋ.”

“ನಾನೇ ಹೇಳ್ತೀನಿ. ತಪ್ಪೆಲ್ಲ ನಂದು ಅಂತೀನಿ.”

“ನಿನ್ನ ಕಾಲಿಗೆ ಹಾಕಿಲ್ವಲ್ಲ ನೀರು,” ಎಂದ.

ಆ ಸಂಜೆ ಅವನ ಜೊತೆ ಬಸ್ಸು ಹತ್ತಿ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅತ್ತಿಗೆ ಎಂದಿನಂತೆ ಅವನ ಮಣಿಕಟ್ಟು ನೋಡಿದರು, ನನಗೆ ಟೀ ಕೊಟ್ಟರು, ಬೋಗುಣಿ ತಂದಿಟ್ಟರು. ಇವರನ್ನೂ ನಿಮ್ಮ ಜೊತೆ ನಾಲ್ಕು ಹೆಜ್ಜೆ ನಡೆಸಬಾರದೇ ಎಂದು ನನ್ನ ಕಡೆ ತೋರಿಸಿ ಗಂಡನಿಗೆ ಹೇಳಿದರು. ನಾನು ಲೋಟದೊಳಗೆ ನೋಡುತ್ತ ಕೂತೆ.

ಸೀಲಣ್ಣ ಕಾಲನ್ನು ನೀರಿಗೆ ಹಾಕಲಿಲ್ಲ. ಇಲ್ಲಿ ಕೂತ್ಕೋ ಎಂದು ಹೆಂಡತಿಗೆ ಸ್ಟೂಲು ತೋರಿಸಿದ. ಗಡಿಯಾರದ ಮುಖವನ್ನು ಅವರ ಕಡೆ ತಿರುಗಿಸಿ, ಎಷ್ಟಿದೆ ಓದು ಎಂದ. ಹನ್ನೊಂದು ಸಾವಿರದ ತೊಂಬತ್ತು ಎಂದು ಅವರು ಓದಿದರು. ಅವನು ಕೂತಲ್ಲೇ ಮುಷ್ಟಿ ಕಟ್ಟಿ ಕುರ್ಚಿಯ ಕೈಯ ಮೇಲೆ ಗುದ್ದತೊಡಗಿದ. ನಿಧಾನವಾಗಿ, ಆದರೆ ಕಚೇರಿಯಲ್ಲಿ ಸೀಲು ಗುದ್ದುವ ಹಾಗೇ. ಹತ್ತು ಸಲ ಗುದ್ದಿ, ಈಗ ಓದು ಎಂದ.

ಅತ್ತಿಗೆ ಓದಲಿಲ್ಲ. ಗಡಿಯಾರವನ್ನೇ ನೋಡುತ್ತಿದ್ದರು. ಒಲೆಯ ಮೇಲೆ ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಆಮೇಲೆ ದವಡೆಯ ವಿಷಯವನ್ನು ನಾನು ಹೇಳಿದೆ, ಡಾಕ್ಟರಮ್ಮ ಎಳೆದ ಅಡ್ಡಗೆರೆಯ ವಿಷಯವನ್ನೂ ಹೇಳಿದೆ. ನನ್ನ ಗಡಿಯಾರವೂ ಅದೇ ಕೈಯಲ್ಲಿತ್ತು ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ.

“ನಮ್ಮಣ್ಣನಿಗೆ ಗೊತ್ತಿರಲಿಲ್ಲ,” ಎಂದರು ಗಂಡನಿಗೆ. “ನಿಮಗೆ ಗೊತ್ತಿತ್ತು.”

ಬೋಗುಣಿ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಸುರಿದರು. ಬಂದು ಅವನ ಬೂಟು, ಆಸ್ಪತ್ರೆಯ ಕಾಗದ, ಒಂದು ಜೊತೆ ಬಟ್ಟೆ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟರು. ಅವರು ಅಂದು ಆಡಿದ ಕೊನೆಯ ಮಾತು ಅದೇ.

ಬೆಳಿಗ್ಗೆ ಮೂವರೂ ಡಾಕ್ಟರಮ್ಮನ ಆಸ್ಪತ್ರೆಗೆ ಹೋದೆವು. ಅವರು ಪೂರ್ತಿ ಕೇಳಿದರು. ಬಯ್ಯುತ್ತಾರೆಂದು ನಾನು ಕಾದೆ, ಬಯ್ಯಲಿಲ್ಲ. ದವಡೆನೋವೂ ಹೃದಯದ್ದೇ ಇರಬಹುದು ಎಂದರು. ಚೀಟಿಯ ಮೇಲೆ ತಾವು ಎಳೆದಿದ್ದ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ ಫೋನು ಎತ್ತಿಕೊಂಡರು. ಓಡುವ ಪಟ್ಟಿಯ ಮೇಲೆ ಸೀಲಣ್ಣ ಮೂರು ನಿಮಿಷವೂ ನಡೆಯಲಿಲ್ಲ, ನಿಲ್ಲಿಸಿದರು. ಮಧ್ಯಾಹ್ನ ಮಣಿಕಟ್ಟಿನಿಂದ ಸಣ್ಣ ನಳಿಗೆ ತೂರಿಸಿ ರಕ್ತನಾಳ ನೋಡಿದರು. ಮೂರು ನಾಳಗಳಲ್ಲಿ ಎರಡು ಬಹಳ ಕಟ್ಟಿಕೊಂಡಿದ್ದವು. ಅವಕ್ಕೆ ಸ್ಟೆಂಟ್ ಹಾಕಿದರು. ಮೂರನೆಯದು ಹಾಕಲು ಬಾರದಷ್ಟು ಸಣ್ಣದು, ಮಾತ್ರೆಯಲ್ಲಿ ನೋಡಬೇಕು, ಮುಂದಿನದನ್ನು ಈಗಲೇ ಹೇಳಲಾಗದು ಎಂದರು. ಎಲ್ಲ ಸರಿಹೋಗುತ್ತದೆ ತಾನೆ ಎಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅವರು, ನಡೆಸಿ, ಬಹಳ ಹೊತ್ತು ಕೂರಲು ಬಿಡಬೇಡಿ ಎಂದಷ್ಟೇ ಹೇಳಿದರು. ದಿನಕ್ಕೆ ಇಷ್ಟಿಷ್ಟೇ ಹೆಚ್ಚಿಸುತ್ತ ಹೋಗಬೇಕು. ಹೆಜ್ಜೆಯನ್ನು ಗಡಿಯಾರ ನೋಡಿ ಬರೆಯಬೇಡಿ, ಜೊತೆಗೆ ಒಬ್ಬರು ನಡೆಯುತ್ತ ಬಾಯಲ್ಲಿ ಎಣಿಸಿ ಎಂದು ಅತ್ತಿಗೆಯ ಕಡೆ ನೋಡಿದರು.

ಕಚೇರಿಯಲ್ಲಿ ಸೀಲಿನ ಕೆಲಸ ನನಗೆ ಬಂತು. ಹೊಡೆಯುವವನೂ ನಾನೇ, ತಾಳೆ ನೋಡುವವನೂ ನಾನೇ. ನಿಂತುಕೊಂಡು ಹೊಡೆಯುತ್ತೇನೆ. ದಿನಕ್ಕೆ ಮುನ್ನೂರು ಪುಟ ದಾಟುವುದಿಲ್ಲ, ಕೌಂಟರಿನ ಕಿಟಕಿಯಾಚೆ ಕಾದ ಜನ ಬಯ್ಯುತ್ತಾರೆ. ನನ್ನ ಗಡಿಯಾರವನ್ನು ನಿರ್ದೇಶಕರ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದೆ. ಎರಡನೆಯ ಸ್ಥಾನ ಜವಾನನಿಗೆ ಹೋಗಬೇಕು ಎಂದೆ. ಮೊದಲನೆಯದು ಎಂದು ಅವರು ತಿದ್ದಿದರು.

ಹನ್ನೆರಡನೆಯ ದಿನ ಸೀಲಣ್ಣನ ಮನೆಗೆ ಹೋದೆ. ಮೊದಲು ಹೋಗಲು ಧೈರ್ಯ ಬಂದಿರಲಿಲ್ಲ. ಬೀದಿಯ ತುದಿಯಿಂದಲೇ ಇಬ್ಬರೂ ಕಂಡರು. ಮನೆಯ ಮುಂದಿನ ಪಾದಚಾರಿ ದಾರಿಯಲ್ಲಿ ಅವನು ಗೋಡೆಗೆ ಒತ್ತಿಕೊಂಡು, ನೆಲ ನೋಡುತ್ತ ನಡೆಯುತ್ತಿದ್ದ. ಒಂದು ಹೆಜ್ಜೆ ಹಿಂದೆ ಅತ್ತಿಗೆ. ಆಸ್ಪತ್ರೆಯಿಂದ ಬಂದ ಮೇಲೂ ಅವರು ಗಂಡನೊಡನೆ ಮಾತು ಬಿಟ್ಟಿದ್ದಾರೆ, ಮಾತ್ರೆಯನ್ನೂ ಅನ್ನವನ್ನೂ ತಂದಿಟ್ಟು ಸುಮ್ಮನೆ ಹೋಗುತ್ತಾರೆ ಎಂದು ನನ್ನ ಹೆಂಡತಿಯಿಂದ ಕೇಳಿದ್ದೆ. ಈಗ ದೂರದಿಂದ ನೋಡಿದರೆ ಅವರ ತುಟಿ ಆಡುತ್ತಿತ್ತು. ನಾನು ಹೆಜ್ಜೆ ಚುರುಕು ಮಾಡಿದೆ.

ನಾನು ಹತ್ತಿರವಾಗುವಷ್ಟರಲ್ಲಿ ಅವರು ನನ್ನನ್ನು ನೋಡಿ, ತಲೆಯಲ್ಲಾಡಿಸಿ ಒಳಗೆ ಹೋದರು. ಸೀಲಣ್ಣ ಗೇಟು ಹಿಡಿದು ನಿಂತ. ಬಿಳಿಚಿಕೊಂಡಿದ್ದ, ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಕೂತುಕೋ ಎನ್ನಲು ಬಾಯಿ ತೆರೆದವನು ನುಂಗಿಕೊಂಡೆ.

“ಅತ್ತಿಗೆ ಮಾತಾಡೋಕೆ ಶುರು ಮಾಡಿದ್ರಾ?” ಎಂದು ಕೇಳಿದೆ.

“ಹೂಂ,” ಎಂದ. “ಇವತ್ತು ನಾನೂರ ಹನ್ನೆರಡರ ತನಕ ಮಾತಾಡಿದಳು.”